ಎಲೆ ತೂಗುವ ಕಾಕಾ

ಕಸದ ಮೇಲೆ ನಮ್ಮ ಕಾಕಾನಷ್ಟು ಪ್ರೀತಿ ಇಟ್ಟವರು ಇಡೀ ಇಂಗ್ಲೆಂಡಿನಲ್ಲಿ ಇನ್ನೊಬ್ಬರಿದ್ದರೆ ತೋರಿಸಿ! ಧಾರವಾಡದಲ್ಲಿ ಮಣ್ಣಿನ ಶಾಸ್ತ್ರ ಓದಿ ಬರ್ಮಿಂಗ್‌ಹ್ಯಾಮಿಗೆ ಬಂದವರು. ನಿವೃತ್ತರಾದ ಮೇಲೂ ಕೊವೆಂಟ್ರಿಯ ಆಚೆ, ಹಳೆಯ ಕಲ್ಲಿದ್ದಲು ಗಣಿಯ ಗುಡ್ಡದ ಮೇಲೆ ನೆಟ್ಟ ತೋಪಿಗೆ ಹೋಗಿ ಉದುರಿದ ಎಲೆ ಆರಿಸುತ್ತಿದ್ದರು. ಆರಿಸಿ? ಹೆಂಡತಿಯ, ಅಂದರೆ ನಮ್ಮ ಕಾಕುವಿನ, ಓವನ್ನಿನಲ್ಲಿ ಒಣಗಿಸಿ, ತೂಗಿ, ಬಲೆಚೀಲಕ್ಕೆ ತುಂಬಿ, ಮತ್ತೆ ಅದೇ ಮರಗಳ ಬುಡದಲ್ಲಿಟ್ಟು ಬರುತ್ತಿದ್ದರು! ಆರು ತಿಂಗಳಾದ ಮೇಲೆ ಎಷ್ಟು ಕೊಳೆತಿದೆ ಎಂದು ನೋಡಬೇಕಂತೆ.

ಒಮ್ಮೆ ಊಟಕ್ಕೆ ಬಂದ ಡಾಕ್ಟರೊಬ್ಬರು ಮೂಗರಳಿಸಿ, "ಓವನ್ನಲ್ಲಿ ಏನ್ರೀ ಸ್ಪೆಷಲ್ಲು?" ಎಂದರು.

ಕಾಕು ತಣ್ಣಗೆ, "ಇವರ ತೋಪಿನ ಆಲ್ಡರ್ ಗಿಡದ ಎಲಿ ರೀ. ಅಕಿ ನನ್ನ ಸವತಿ," ಎಂದರು.

ಇನ್ನೊಮ್ಮೆ ಪಕ್ಕದ ಮನೆಯ ಡೇವಿಡ್ ಉಪಕಾರ ಮಾಡಲೆಂದು ಕಾಕಾನ ಹಿತ್ತಲಿನ ಎಲೆಯನ್ನೆಲ್ಲ ಗುಡಿಸಿ ಕೌನ್ಸಿಲ್ಲಿನವರು ಒಯ್ಯುವ ಕಸದ ಬಿನ್ನಿಗೆ ತುಂಬಿದ. ಕಾಕಾ ಸೊಂಟದವರೆಗೂ ಬಿನ್ನಿನೊಳಗೆ ಬಗ್ಗಿ ಎಲ್ಲವನ್ನೂ ಹೊರತೆಗೆದರು! "ಬಡ ಮಣ್ಣಾಗ ಗಿಡಕ್ಕ ಉಣ್ಣಾಕ ಹಾಕವ್ರು ಯಾರು? ತಾ ಉದುರಿಸಿದ್ದನ್ನ ತಾನ ತಿರುಗಿ ಉಣಬೇಕು. ಅದನ್ನೂ ಕಸ ಅಂತ ಒಯ್ತೀರೇನು?" ಎಂದು ನನಗೆ ಬೈದರು. ನಾನೇನು ಮಾಡಿದ್ದೆ? ಡೇವಿಡ್‌ಗೆ ಕನ್ನಡ ಬರುತ್ತಿರಲಿಲ್ಲ, ಅಷ್ಟೇ!

ಹೋದ ಅಕ್ಟೋಬರಿನಲ್ಲಿ ಕಾಕು ಎಜ್‌ಬಾಸ್ಟನ್ನಿನ ಆಸ್ಪತ್ರೆ ಸೇರಿದರು. "ಎಲಿ ಉದುರೂ ಹೊತ್ತು. ತೋಪಿಗೆ ಹೋಗಿ ಬರ್ರಿ, ನಾ ಎಲ್ಲಿ ಓಡಿ ಹೋಗ್ತೇನಿ?" ಎಂದು ದಿನವೂ ಗಂಡನಿಗೆ ಹೇಳುತ್ತಿದ್ದರು. ಕಾಕಾ ಹೋಗಲಿಲ್ಲ. ಹಾಸಿಗೆಯ ಪಕ್ಕದ ಪ್ಲಾಸ್ಟಿಕ್ ಕುರ್ಚಿ ಬಿಟ್ಟು ಕದಲಲಿಲ್ಲ. ಹನ್ನೊಂದನೆಯ ದಿನ ಕಾಕು ಹೋಗಿಬಿಟ್ಟರು.

ನಮ್ಮಲ್ಲಿ ಮಣ್ಣು ಮಾಡುವುದು ಪದ್ಧತಿ. ಮೂರು ವಾರ ಕಳೆದಿರಬಹುದು, ಕಾಕಾ ಫೋನ್ ಎತ್ತಲಿಲ್ಲ. ಮನೆಗೆ ಹೋದರೆ ಬೀಗ. ಗಾಬರಿಯಾಗಿ ಸ್ಮಶಾನಕ್ಕೆ ಹೋದೆ. ಕಾಕಾ ಒದ್ದೆ ಹುಲ್ಲಿನ ಮೇಲೆ ಮಂಡಿಯೂರಿ, ಕಾಕುವಿನ ಗೋರಿಯ ಮೇಲೆ ಬಿದ್ದ ಎಲೆಗಳನ್ನು ಒಂದೊಂದಾಗಿ ಎತ್ತಿ ದೂರ ಇಡುತ್ತಿದ್ದರು.

"ಕಾಕಾ, ನೀವೇ ಎಲಿ ತಗೀತೀರೇನು?"

"ಎಲಿ ಬಿದ್ದಲ್ಲಿ ಹುಳ ಬರ್ತಾವ ಯವ್ವಾ. ಮಣ್ಣು ತನ್ನ ಕೆಲಸ ಸುರು ಮಾಡತೈತಿ. ನನಗ ಎಲ್ಲಾ ಗೊತ್ತೈತಿ." ಇನ್ನೊಂದು ಎಲೆ ಎತ್ತಿ ದೂರ ಇಟ್ಟರು. "ಇನ್ನೊಂದೀಟು ದಿನ ಅದು ಅಕಿನ್ನ ಮುಟ್ಟೂದು ಬ್ಯಾಡ."

ನಾನೂ ಕೂತು ಎಲೆ ಎತ್ತಿದೆ. ನಾವು ಎತ್ತಿದಷ್ಟೂ ಮೇಲಿಂದ ಬೀಳುತ್ತಲೇ ಇದ್ದವು. ಕೊನೆಗೆ, "ಮನೀಗೆ ಹೋಗೋಣು," ಎಂದೆ.

"ಮನ್ಯಾಗ ಯಾರದಾರ?"

ಕೈಹಿಡಿದು ಎಬ್ಬಿಸಿ, ಕಾರಿನಲ್ಲಿ ಕೂರಿಸಿ, ಲೆಸ್ಟರಿನ ನನ್ನ ಮನೆಗೇ ಕರೆತಂದೆ. ಅಂದಿನಿಂದ ನಮ್ಮೊಂದಿಗೇ ಇದ್ದಾರೆ.