ಮರದ ಮೇಲೆ ತಾತ, ಕೆಳಗೆ ನನ್ನ ನಡುಕ

ಕಾಯಿ ಕೀಳಿಸುವ ದಿನ ಏನಾದರೊಂದು ಆಗದೆ ಇರುವುದಿಲ್ಲ. ನಾನು ಯಳಂದೂರಿನಲ್ಲಿ ಮೇಷ್ಟ್ರು. ಮಾಂಬಳ್ಳಿ ಹತ್ತಿರ ಒಂದಷ್ಟು ತೆಂಗಿನ ಮರಗಳಿವೆ. ಈಗ ಹರೆಯದವರೆಲ್ಲ ಫ್ಯಾಕ್ಟರಿ ಬಸ್ಸು ಹತ್ತುತ್ತಾರೆ, ಮರ ಹತ್ತುವುದಿಲ್ಲ. ಸುತ್ತಮುತ್ತ ಉಳಿದಿರುವುದು ಎಪ್ಪತ್ತು ದಾಟಿದ ಒಬ್ಬ ತಾತ. ಅವರು ಮೇಲಿದ್ದಷ್ಟು ಹೊತ್ತೂ ನನ್ನ ಜೀವ ಬಾಯಿಗೆ ಬಂದಿರುತ್ತದೆ. ಕೈ ಜಾರಿದರೆ ಅವರ ಮನೆಯವರಿಗೆ ಯಾವ ಮುಖ ತೋರಿಸಲಿ?

೧

ಒಂದು ಬೆಳಿಗ್ಗೆ ಟೀ ಕೊಟ್ಟೆ. ತಾತನ ಕೈ ನಡುಗಿ ಅರ್ಧ ಟೀ ನೆಲಕ್ಕೆ ಹೋಯಿತು.

"ತಾತ, ಈ ಕೈಯಲ್ಲಿ ಮರ ಹೇಗೆ ಹತ್ತುತ್ತೀರಿ?"

"ಲೋಟನ ನಾನೇ ಇಡ್ಕಬೇಕಲ್ಲಾ ಸಾ. ಮರನ ಭೂಮಿ ಇಡ್ಕಂಡಿರ್ತದೆ."

೨

ಹೆದರಿಕೆ ತಡೆಯಲಾರದೆ ಬೇರೆಯವರನ್ನು ಹುಡುಕಿದೆ. ಹನೂರಿನಲ್ಲಿ ಒಬ್ಬ ಹುಡುಗ ಇದ್ದಾನೆ ಎಂದರು. ಓಡಿದೆ. ಕಣ್ಣಿನ ಆಪರೇಷನ್ ಆಗಿ ಕಪ್ಪು ಕನ್ನಡಕ ಹಾಕಿಕೊಂಡಿದ್ದ ಬಿಳಿಗೂದಲಿನವರೊಬ್ಬರು ಜಗಲಿ ಮೇಲೆ ಕೂತಿದ್ದರು.

"ಮರ ಹತ್ತುವ ಹುಡುಗ ಎಲ್ಲಿ?"

"ನಾನೇಯಾ ಸಾ. ದೊಡ್ಡೋರು ಬೇಕು ಅಂದ್ರೆ ಸಂಜೆ ಬನ್ನಿ, ಈಗ ಮರದ ಮೇಲವ್ರೆ."

ಬಂದ ದಾರಿಗೆ ಸುಂಕವಿಲ್ಲವೆಂದು ವಾಪಸ್ಸು ಬಂದೆ.

೩

ಮತ್ತೆ ತಾತನೇ ಗತಿ. ಮೊನ್ನೆ ಅತಿ ಎತ್ತರದ ಮರ ಹತ್ತಿದವರು ಗರಿ ತಬ್ಬಿಕೊಂಡು ಹಾಗೇ ಕೂತುಬಿಟ್ಟರು.

"ಮಂಡಿ ಇಡ್ಕಂಡದೆ ಸಾ, ಇಳಿಯಕ್ಕಾಯ್ತಿಲ್ಲ!"

ಕೂಗು ಕೇಳಿ ಸೇರಿದವರನ್ನೆಲ್ಲ "ಯಾರಾದರೂ ಹತ್ತಿ ಇಳಿಸ್ರಪ್ಪಾ" ಎಂದು ಬೇಡಿಕೊಂಡೆ. ಮರ ಹತ್ತಲು ಬರುವವರು ಯಾರು ಎಂದು ಎಲ್ಲರೂ ಯೋಚಿಸಿ, ಕೊನೆಗೆ ತಲೆಯೆತ್ತಿ ತಾತನನ್ನೇ ನೋಡಿದರು.

ಕೊಳ್ಳೇಗಾಲದ ಕಾಯಿ ವ್ಯಾಪಾರಿಗೆ ಫೋನ್ ಮಾಡಿದೆ. "ವಯಸ್ಸಾದವರೊಬ್ಬರು ಮರದ ಮೇಲೆ ಸಿಕ್ಕಿಕೊಂಡಿದ್ದಾರೆ, ಬೇಗ ಯಾರನ್ನಾದರೂ ಕಳಿಸಿ!"

"ಎದುರ್ಕಬೇಡಿ ಮೇಷ್ಟ್ರೇ, ನಿಮ್ಮ ಕಡೆಯವ್ರೇ ಒಬ್ರು ಅವ್ರೆ. ಈಗ್ಲೇ ಫೋನ್ ಮಾಡಿ ಏಳ್ತೀನಿ" ಎಂದು ಫೋನ್ ಇಟ್ಟರು.

ಮರುಗಳಿಗೆ ಮರದ ತುದಿಯಲ್ಲಿ ಫೋನು ರಿಂಗಾಯಿತು. ತಾತ ಒಂದು ಕೈಯಲ್ಲಿ ಗರಿ, ಇನ್ನೊಂದರಲ್ಲಿ ಫೋನು ಹಿಡಿದು ಮಾತಾಡುತ್ತಿದ್ದರೆ ನಾನು ಕಣ್ಣು ಮುಚ್ಚಿಕೊಂಡೆ.

"ಅಯ್ಯೋ ಪಾಪ! ತಡಿ, ಈಗ್ಲೇ ಬಂದೆ" ಎಂದಿದ್ದು ಕೇಳಿಸಿತು.

ಕಣ್ಣು ಬಿಡುವಷ್ಟರಲ್ಲಿ ತಾತ ಸರಸರನೆ ಇಳಿದು ಎದುರಿಗೆ ನಿಂತು ಹಗ್ಗ ಹೆಗಲಿಗೆ ಹಾಕಿಕೊಳ್ಳುತ್ತಿದ್ದರು.

"ಬಿರ್ರನೆ ಬೈಕ್ ತಗೀರಿ ಸಾ! ವಯಸ್ಸಾದೋರು ಯಾರೋ ಮರದ ಮೇಲೆ ಸಿಕ್ಕಾಕಂಡವ್ರಂತೆ. ಅಂತೋರ್ನೆಲ್ಲ ಯಾಕಾದ್ರೂ ಅತ್ತುಸ್ತಾರೋ!"