ಮಡಿವಾಳೆಪ್ಪನ ಎಡಗಾಲು

ಮನೋಳಿಯ ಕೆಳಗಿನ ಓಣಿಯಲ್ಲಿ ‘ಇಲ್ಲ’ ಎಂಬ ಮಾತನ್ನು ಯಾರೂ ಯಾರಿಗೂ ಮುಖ ನೋಡಿ ಹೇಳಿದ ದಾಖಲೆ ಇಲ್ಲ. ಕೊಡಲಿ ಕೇಳಿದರೆ ಅದರ ಕಾವು ಮುರಿದಿರುತ್ತದೆ. ಏಣಿ ಕೇಳಿದರೆ ಅದು ನಿನ್ನೆಯಷ್ಟೇ ತಂಗಿಯ ಊರಿಗೆ ಹೋಗಿರುತ್ತದೆ. ಹೇಳಿದವರಿಗೂ ಕೇಳಿದವರಿಗೂ ಸುಳ್ಳೆಂದು ಗೊತ್ತು, ಗೋಡೆಗೆ ಒರಗಿ ನಿಂತ ಏಣಿಗೆ ಮಾತ್ರ ಗೊತ್ತಿರುವುದಿಲ್ಲ. ಹೀಗಾಗಿ ಆ ಓಣಿಯಲ್ಲಿ ಜಗಳ ಕಡಿಮೆ, ಕೆಟ್ಟ ಸಾಮಾನು ಜಾಸ್ತಿ.

ಆ ದಿನ ಕೆಡುವ ಸರದಿ ಮಡಿವಾಳೆಪ್ಪನ ಟ್ರಕ್ಕಿನದು.

ನಾಲ್ಕು ತಿಂಗಳಿಂದ ಬಾಡಿಗೆ ಇಲ್ಲದೆ ಆ ಟ್ರಕ್ಕು ಓಣಿಯಲ್ಲೇ ನಿಂತಿತ್ತು. ಅದರ ಕೆಳಗೆ ಕೋಳಿಗಳು ಸಂಸಾರ ಹೂಡಿ ಎರಡನೆಯ ತಲೆಮಾರು ಕಂಡಿದ್ದವು. ಕೊನೆಗೂ ಬೈಲಹೊಂಗಲದ ಹತ್ತಿ ವ್ಯಾಪಾರಿ ಗುರುನಾಥ ಸಾವಕಾರರು ಕರೆದಿದ್ದರು. ಬೆಳಿಗ್ಗೆ ಹನ್ನೊಂದಕ್ಕೆ ಗೋದಾಮಿನ ಮುಂದೆ ಗಾಡಿ ನಿಂತಿದ್ದರೆ ಸುಗ್ಗಿ ಮುಗಿಯುವತನಕ ಹತ್ತಿಯ ಬಾಡಿಗೆಯೆಲ್ಲ ಅವನದೇ ಎಂದಿದ್ದರು. ಹತ್ತು ನಿಮಿಷ ತಡವಾಗಿ ಬಂದ ಗಾಡಿಯನ್ನು ಖಾಲಿ ಕಳಿಸಿದ ಮನುಷ್ಯ ಅವರು. ಮಡಿವಾಳೆಪ್ಪ ಮನೆಯ ಗಡಿಯಾರವನ್ನು ಎರಡು ಸಲ ಒರೆಸಿದ.

ಆದರೆ ಮೊನ್ನೆಯಿಂದ ಎದುರುಮನೆಯ ಸಾವಂತ್ರೆವ್ವನ ಅಂಗಳದಲ್ಲಿ ಎಣ್ಣೆ ಕಾಯುತ್ತಿತ್ತು. ಆಕೆಯ ಮಗಳು ಐಶ್ವರ್ಯಾಳನ್ನು ಸುರೇಬಾನಕ್ಕೆ ಕೊಟ್ಟಿತ್ತು. ಅವಳಿಗೀಗ ಏಳು ತಿಂಗಳು, ಬಸುರಿಗೆ ಕುಪ್ಪಸ ತೊಡಿಸುವ ಕುಬಸದ ಕಾರ್ಯ. ತವರಿನವರು ಹಸಿರು ಸೀರೆ, ಕುಬಸ, ಬುಟ್ಟಿಗಟ್ಟಲೆ ಬುತ್ತಿ ಹೊತ್ತು ಹೋಗಬೇಕು. ಹಿಂದೆ ಈ ಮಗಳ ಮಂಚ ಹೋದದ್ದು ಮಡಿವಾಳೆಪ್ಪನ ಟ್ರಕ್ಕಿನಲ್ಲಿ, ಕಪಾಟು ಹೋದದ್ದು ಅದರಲ್ಲೇ, ಬೀಗರ ಹೊಸ ಮನೆಯ ಪ್ರವೇಶಕ್ಕೆ ಇಡೀ ಓಣಿ ಹೋಗಿ ಬಂದದ್ದೂ ಅದರಲ್ಲೇ. ಪ್ರತಿ ಸಲವೂ ಬಾಡಿಗೆಯೆಂದು ಎರಡು ಹೋಳಿಗೆ ಮತ್ತು ‘ನೂರು ವರ್ಷ ಬಾಳಪ್ಪಾ’ ಎಂಬ ಆಶೀರ್ವಾದ ಸಿಕ್ಕಿತ್ತು. ಡೀಸೆಲ್ ಪಂಪಿನವನು ಆಶೀರ್ವಾದ ತೆಗೆದುಕೊಳ್ಳುವುದಿಲ್ಲ.

ಹಿಂದಿನ ಸಂಜೆ ಸಾವಂತ್ರೆವ್ವ ಕಟ್ಟೆಯ ಮೇಲಿಂದ ಕೇಳಿದಳು: “ಮಡಿವಾಳೆಪ್ಪಾ, ನಾಳೆ ಮುಂಜಾನೆ ನಿನ್ನ ಗಾಡಿ ಇಲ್ಲೇ ಇರತೈತೇನೋ?”

“ಇರತೈತಿ ದೊಡ್ಡವ್ವ” ಎಂದ. ಅಂದ ಮೇಲೆ ಆಕೆಯ ಮುಂದಿನ ಮಾತು ಏನಿದ್ದೀತೆಂದು ಹೊಳೆಯಿತು. ಆಕೆ ಎರಡನೆಯ ಮಾತಿಗೆ ಬಾಯಿ ತೆರೆಯುವಷ್ಟರಲ್ಲಿ ಒಲೆಯ ಮೇಲೆ ಹಾಲು ಉಕ್ಕುತ್ತಿದೆ ಎಂದು ಒಳಗೆ ಓಡಿದ. ಒಲೆಯ ಮೇಲೆ ಬದನೆಕಾಯಿ ಪಲ್ಯ ಇತ್ತು.

ನಾಳೆ ಬಾಡಿಗೆ ಇದೆಯೆಂದು ನೆಟ್ಟಗೆ ಹೇಳಿಬಿಡಿ ಎಂದಳು ಹೆಂಡತಿ ಶೀತಲ. ಬರಿಮೈಯಲ್ಲಿ ಬಜಾರಕ್ಕೆ ಹೋಗಿ ಬನ್ನಿ ಎಂದಿದ್ದರೂ ಮಡಿವಾಳೆಪ್ಪ ಅವಳನ್ನು ಅಷ್ಟು ಗಾಬರಿಯಿಂದ ನೋಡುತ್ತಿರಲಿಲ್ಲ. ಅವಳು ಬೇರೆ ಊರಿನವಳು, ಓಣಿಯ ರೀತಿ ರಿವಾಜು ಇನ್ನೂ ತಿಳಿದಿರಲಿಲ್ಲ.

ಅವನ ಯೋಜನೆ ಸರಳವಾಗಿತ್ತು. ನಸುಕಿನಲ್ಲೇ ಎದ್ದು ಟ್ರಕ್ಕಿನ ರಿಲೇ ಕಿತ್ತು ಅಂಗಿಯ ಕಿಸೆಗೆ ಹಾಕಿಕೊಂಡ. ಅದು ಬೆಂಕಿಪೊಟ್ಟಣದಷ್ಟು ದೊಡ್ಡ ಕರಿ ಡಬ್ಬಿ. ಚಾವಿ ತಿರುವಿದಾಗ ಬ್ಯಾಟರಿಯ ಕರೆಂಟು ಸ್ಟಾರ್ಟರಿಗೆ ಮುಟ್ಟುವುದು ಅದರ ಮೂಲಕವೇ. ಅದಿಲ್ಲದಿದ್ದರೆ ಗಾಡಿ ಉಸಿರೆತ್ತುವುದಿಲ್ಲ. ಗಾಡಿ ಚಾಲೂ ಆಗುವುದಿಲ್ಲವೆಂದರೆ ಹೆಂಗಸರು ಒಂಬತ್ತರ ಬಸ್ಸು ಹಿಡಿಯುತ್ತಾರೆ. ಒಂಬತ್ತೂ ಕಾಲಿಗೆ ತಾನು ರಿಲೇ ಸಿಕ್ಕಿಸಿ ಬೈಲಹೊಂಗಲದ ದಾರಿ ಹಿಡಿದರಾಯಿತು.

ಏಳು ಗಂಟೆಗೆ ಸಾವಂತ್ರೆವ್ವ ಕರ್ಚಿಕಾಯಿಯ ದೊಡ್ಡ ಡಬ್ಬಿ ತಂದು ಕಟ್ಟೆಯ ಮೇಲಿಟ್ಟದ್ದೇ ತಡ, ಮಡಿವಾಳೆಪ್ಪ ಕ್ಯಾಬಿನ್ ಹತ್ತಿ ಚಾವಿ ತಿರುವಿದ. ಗಾಡಿ ಕಮಕ್ ಕಿಮಕ್ ಅನ್ನಲಿಲ್ಲ. ಇನ್ನೂ ಎರಡು ಸಲ ತಿರುವಿ, ಹಣೆ ಬಡಿದುಕೊಂಡು, ಚಾಲೂ ಆಗವಲ್ದು ದೊಡ್ಡವ್ವ ಎಂದು ಯಾರೂ ಕೇಳದಿದ್ದರೂ ಹೇಳಿದ.

ಸಾವಂತ್ರೆವ್ವನ ಮುಖ ಸಣ್ಣಗಾಯಿತು. “ಹಂಗಂದ್ರ ಹೆಂಗಪ್ಪಾ? ಹೆಂಗರ ಮಾಡಿ ಒಂಬತ್ತರೊಳಗ ನಿನ್ನ ಗಾಡಿ ಓಣಿ ದಾಟಬೇಕು” ಎಂದಳು. ಬಸ್ಸಿಗೆ ಹೋಗ್ರಿ ಎಂದು ಮಡಿವಾಳೆಪ್ಪ ಮೆಲ್ಲಗೆ ಸೂಚಿಸಿದ್ದು ಆಕೆಯ ಕಿವಿಗೆ ಬೀಳಲಿಲ್ಲ. ಆಕೆ ಆಗಲೇ ಇಡೀ ಓಣಿಯನ್ನು ಕೂಗಿ ಕರೆಯುತ್ತಿದ್ದಳು.

ಮೊದಲು ಬಂದವನು ಶಟ್ಟೆಪ್ಪ. ಮೂವತ್ತು ವರ್ಷ ಬಸ್ ಡಿಪೋದಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಮಾಡಿದ್ದು ಗೇಟಿನ ಹತ್ತಿರ ಕುಳಿತು ಬಸ್ಸಿನ ನಂಬರು ಬರೆಯುವ ಕೆಲಸ. ಆದರೂ ಅಷ್ಟು ಬಸ್ಸುಗಳು ಕಣ್ಣ ಮುಂದೆ ಹಾದುಹೋದ ಮೇಲೆ ಮೆಕ್ಯಾನಿಕ್ ವಿದ್ಯೆ ತಾನಾಗಿಯೇ ಅಂಟಿಕೊಳ್ಳುತ್ತದೆ ಎಂಬುದು ಅವನ ನಂಬಿಕೆ. ಟ್ರಕ್ಕಿನ ಸುತ್ತ ಮೂರು ಪ್ರದಕ್ಷಿಣೆ ಹಾಕಿ, ನಾಲ್ಕೂ ಕಡೆಯ ಟೈರು ಒದ್ದು, ರೇಡಿಯೇಟರಿನಲ್ಲಿ ಇಣುಕಿ, ಏರ್ ಹಿಡಿದಿದೆ ಎಂದ. ಎರಡು ಬಿಂದಿಗೆ ನೀರು ಸುರಿಸಿ, ಏರ್ ಬಿಟ್ಟಿದೆ ಎಂದ. ಗಾಡಿಗೆ ಇದಾವುದೂ ತಿಳಿಯಲಿಲ್ಲ.

ಉಳಿದವರೂ ಕೈ ಕಟ್ಟಿ ಕೂರಲಿಲ್ಲ. ಕೃಷ್ಣವ್ವ ಎಂಬ ಮುದುಕಿ ಇದು ದೃಷ್ಟಿಯೇ ಎಂದು ಮೆಣಸಿನಕಾಯಿ ನಿವಾಳಿಸಿ ಕೆಂಡಕ್ಕೆ ಹಾಕಿದಳು. ಘಾಟಿಗೆ ಓಣಿಯೆಲ್ಲ ಕೆಮ್ಮಿತು, ಟ್ರಕ್ಕು ಮಾತ್ರ ಕೆಮ್ಮಲಿಲ್ಲ. ಬ್ಯಾಟರಿಗೆ ಬಿಸಿನೀರು ಹಾಕಿರೆಂದು ಒಬ್ಬ, ಡೀಸೆಲ್ಲಿನಲ್ಲಿ ನೀರು ಸೇರಿದೆಯೆಂದು ಇನ್ನೊಬ್ಬ. ತನ್ನ ಗಂಡನ ಸೈಕಲ್ ಮೋಟಾರು ಓರೆ ಮಾಡಿದರೆ ಚಾಲೂ ಆಗುತ್ತದೆ, ಇದನ್ನೂ ಸ್ವಲ್ಪ ಓರೆ ಮಾಡಿ ನೋಡಿರಿ ಎಂದಳು ಒಬ್ಬ ಸೊಸೆ. ಮಡಿವಾಳೆಪ್ಪ ಎಲ್ಲರಿಗೂ ಹೌದೆನ್ನುತ್ತ ಗಡಿಯಾರ ನೋಡುತ್ತಿದ್ದ. ಎಂಟೂ ಕಾಲಾಗಿತ್ತು.

ಆಗ ಶಟ್ಟೆಪ್ಪ, ಗಾಡಿಯ ಕೆಳಗೆ ಹೋಗಿ ವೈರು ನೋಡು, ಮೊದಲು ಅಂಗಿ ತೆಗೆ, ಹೊಲಸಾದೀತು ಎಂದ. ಶೀತಲ ಅಂಗಿ ಇಸಕೊಳ್ಳಲು ಕೈ ಚಾಚಿ ನಿಂತಳು. ಕಿಸೆಯಲ್ಲಿ ರಿಲೇ. ಹೆಂಡತಿ ಕಿಸೆ ನೋಡದೆ ಅಂಗಿ ಮಡಚುವವಳಲ್ಲ, ಸಿಕ್ಕಿದ್ದನ್ನು ಎತ್ತಿ ಹಿಡಿದು ಇದೇನೆಂದು ಕೇಳದೆ ಇರುವವಳೂ ಅಲ್ಲ. ಮಡಿವಾಳೆಪ್ಪ ಕಟ್ಟೆಗೆ ಒರಗಿ ಗುಂಡಿ ಬಿಚ್ಚುವ ನೆಪದಲ್ಲಿ ರಿಲೇಯನ್ನು ಪಕ್ಕದಲ್ಲಿ ಬಾಯ್ದೆರೆದಿದ್ದ ಡಬ್ಬಿಯೊಳಗೆ, ಕರ್ಚಿಕಾಯಿಗಳ ಸಂದಿಗೆ ತುರುಕಿದ. ಆಮೇಲೆ ತೆಗೆದುಕೊಂಡರಾಯಿತು ಎಂದುಕೊಂಡು ಟ್ರಕ್ಕಿನ ಕೆಳಗೆ ನುಸುಳಿದ. ಅಲ್ಲಿ ಕೋಳಿಯೊಂದು ಅವನ ಬೋಳು ನೆತ್ತಿಯನ್ನು ಕುಕ್ಕಿ ತನ್ನ ಹಕ್ಕು ಸ್ಥಾಪಿಸಿತು.

ಹೊರಬರುವಷ್ಟರಲ್ಲಿ ತೀರ್ಮಾನವಾಗಿತ್ತು. ದಬ್ಬಿ ಚಾಲೂ ಮಾಡುವುದು.

ಇದು ಮಡಿವಾಳೆಪ್ಪನ ಲೆಕ್ಕದಲ್ಲಿ ಇರಲಿಲ್ಲ. ದಬ್ಬಿದರೆ ರಿಲೇ ಇಲ್ಲದೆಯೂ ಗಾಡಿ ಚಾಲೂ ಆಗುತ್ತದೆ. ಗೇರು ಹಾಕಿ ಕ್ಲಚ್ಚು ತುಳಿದು ಕುಳಿತು, ವೇಗ ಸಿಕ್ಕ ಕೂಡಲೇ ಕಾಲು ಬಿಟ್ಟರೆ ಸಾಕು. ಆದರೆ ಕ್ಯಾಬಿನ್ನಿನೊಳಗಿನ ಕಾಲು ಹೊರಗಿನವರಿಗೆ ಕಾಣುವುದಿಲ್ಲವಲ್ಲ ಎಂಬ ಧೈರ್ಯದಿಂದ ಅವನು ಹತ್ತಿ ಕುಳಿತ. ಹಿಂದೆ ಇಪ್ಪತ್ತೆರಡು ಮಂದಿ ಹೆಂಗಸರು ಗಂಡಸರು ಸೆರಗು ಧೋತರ ಬಿಗಿದು ಹರಹರ ಎಂದು ಹೆಗಲು ಕೊಟ್ಟರು. ಶಟ್ಟೆಪ್ಪ ಪಕ್ಕದಲ್ಲಿ ಓಡುತ್ತ “ಕಾಲ ಬಿಡೋ, ಕಾಲ ಬಿಡೋ” ಎಂದು ಒದರಿದ. ಮಡಿವಾಳೆಪ್ಪ “ಬಿಟ್ಟೇನಿ ಕಾಕಾ” ಎನ್ನುತ್ತ ಕ್ಲಚ್ಚನ್ನು ನೆಲಕ್ಕೆ ಒತ್ತಿ ಹಿಡಿದ. ಇಡೀ ಓಣಿ ಒಂದು ಕಡೆ, ಅವನ ಎಡಗಾಲು ಒಂದು ಕಡೆ. ಕಾಲೇ ಗೆದ್ದಿತು.

ಓಣಿ ಮುಗಿದಲ್ಲಿ ಹೊಳೆಯ ಕಡೆಗೆ ಇಳಿಜಾರು. ಟ್ರಕ್ಕು ಅವರ ಕೈಬಿಟ್ಟು ತಾನೇ ಓಡಿತು. ಮಡಿವಾಳೆಪ್ಪ ಬ್ರೇಕು ತುಳಿತುಳಿದು ಕೊನೆಗೆ ಮಲಪ್ರಭೆಯ ದಂಡೆಯ ಆಲದ ಮರದ ಬುಡದಲ್ಲಿ ನಿಲ್ಲಿಸಿ, ಎಡಗಾಲು ನೀವಿಕೊಳ್ಳುತ್ತ ಕೆಳಗಿಳಿದ. ಮತ್ತೆ ಮೇಲಕ್ಕೆ ದಬ್ಬಲು ಬರುತ್ತಾರೋ ಏನೋ ಎಂಬ ಭಯದಿಂದ ಹಿಂದೆ ನೋಡಿದ. ಯಾರೂ ಬರಲಿಲ್ಲ. ಎಲ್ಲರೂ ಕೈ ಝಾಡಿಸಿಕೊಂಡು ನಗುತ್ತ ಮೇಲಕ್ಕೆ ಹೋಗುತ್ತಿದ್ದರು.

ಏದುಸಿರು ಬಿಡುತ್ತ ಅವನು ಓಣಿ ಹತ್ತಿದಾಗ ಸಾವಂತ್ರೆವ್ವನ ಬಾಗಿಲಲ್ಲಿ, ಇಷ್ಟು ಹೊತ್ತು ಅವನ ಟ್ರಕ್ಕು ಇದ್ದ ಜಾಗದಲ್ಲಿ, ಸವದತ್ತಿಯಿಂದ ಬಂದ ಬಿಳಿ ಬಾಡಿಗೆ ಬಸ್ಸೊಂದು ನಿಂತಿತ್ತು. ಸೀಟಿಗೆ ಹೊದಿಕೆ, ಕಿಟಕಿಗೆ ಪರದೆ. ಬುತ್ತಿಯ ಬುಟ್ಟಿಗಳು ಒಳಗೆ ಏರಿದ್ದವು, ದಬ್ಬಿದವರೂ ಏರುತ್ತಿದ್ದರು.

“ನಿನ್ನ ಗಾಡಿ ಅಡ್ಡ ಇದ್ರ ಈ ಬಸ್ಸ ಒಳಗ ಬರತಿದ್ದಿಲ್ಲಪ್ಪ. ಅದಕ್ಕ ನಿನ್ನೆ ಕೇಳಾಕ ಹತ್ತಿದ್ದೆ, ನೀ ಹಾಲ ಉಕ್ಕತೈತಿ ಅಂತ ಓಡಿದಿ” ಎಂದಳು ಸಾವಂತ್ರೆವ್ವ. “ನಿನ್ನ ಗಾಡ್ಯಾಗ ಕುಬಸಕ್ಕ ಯಾರ ಹೋಗ್ತಾರೋ? ಹೋದ ಸಲ ಕುಂತದ್ದಕ್ಕ ಇನ್ನಾ ನಡಾ ನೋಯತೈತಿ.”

ಅವಮಾನ ಆಗಬೇಕಾದ ಜಾಗದಲ್ಲಿ ಮಡಿವಾಳೆಪ್ಪನಿಗೆ ಖುಷಿಯಾಯಿತು. ಇನ್ನೂ ಒಂಬತ್ತು. ಬೈಲಹೊಂಗಲ ಒಂದೂವರೆ ತಾಸಿನ ದಾರಿ. ಅವನು ಕಟ್ಟೆಯ ಕಡೆ ತಿರುಗಿದ. ಕಟ್ಟೆ ಖಾಲಿ ಇತ್ತು. ಕರ್ಚಿಕಾಯಿಯ ಡಬ್ಬಿ ಮುಚ್ಚಳ ಬಿಗಿದುಕೊಂಡು, ಬಸ್ಸಿನ ಮುಂದಿನ ಸೀಟಿನಲ್ಲಿ ಸಾವಂತ್ರೆವ್ವನ ತೊಡೆಯ ಮೇಲೆ ಕುಳಿತಿತ್ತು.

ನಿಲ್ಲಿಸಿರಿ, ಅದರೊಳಗೆ ನನ್ನ ರಿಲೇ ಇದೆ ಎಂದರೆ ಮುಗಿಯುತ್ತಿತ್ತು. ಒಂದು ಮಾತು. ಆ ಕಡೆ ಇಡೀ ಸುಗ್ಗಿಯ ಅನ್ನ, ಈ ಕಡೆ ಇಪ್ಪತ್ತೆರಡು ಜನರ ಮುಂದೆ ಮಾನ. ಅವನು ಎರಡು ಸಲ ಬಾಯಿ ತೆರೆದ. ಎರಡನೆಯ ಸಲ ತೆರೆದಾಗ ಸಾವಂತ್ರೆವ್ವ, ಪಾಪ ದಣಿದಾನ, ಎಂದು ಕಿಟಕಿಯಿಂದ ಒಂದು ಬಾಳೆಹಣ್ಣು ಕೊಟ್ಟಳು. ಬಸ್ಸು ಹೊರಟುಹೋಯಿತು.

ಸವದತ್ತಿಯ ಸ್ಪೇರ್ ಅಂಗಡಿಗೆ ಫೋನು ಮಾಡಿದ. ಅಷ್ಟು ಹಳೆಯ ಗಾಡಿಯ ರಿಲೇ ಹುಬ್ಬಳ್ಳಿಯಿಂದಲೇ ಬರಬೇಕು, ನಾಳೆ ನೋಡೋಣ ಎಂದರು. ಎಳೆಸಬೇಕೆಂದರೆ ಊರಿನ ಟ್ರ್ಯಾಕ್ಟರುಗಳೆಲ್ಲ ಕಬ್ಬು ಹೊತ್ತು ಹೋಗಿದ್ದವು. ದಬ್ಬಿಸಬೇಕೆಂದರೆ ದಬ್ಬುವವರೆಲ್ಲ ಪರದೆಯ ಬಸ್ಸಿನಲ್ಲಿ ಸುರೇಬಾನದ ದಾರಿಯಲ್ಲಿದ್ದರು. ಓಣಿಯಲ್ಲಿ ಉಳಿದವರು ಅವನು, ಶೀತಲ ಮತ್ತು ಮನೆ ಕಳೆದುಕೊಂಡ ಕೋಳಿಗಳು.

ಹತ್ತೂವರೆಗೆ ಬೇರೆ ದಾರಿ ಕಾಣದೆ ಗುರುನಾಥ ಸಾವಕಾರರಿಗೆ ಫೋನು ಮಾಡಿ, ಆ ದಿನದ ಮೊದಲ ಸತ್ಯವನ್ನು ಹೇಳಿದ: “ಸಾವಕಾರ್ರ, ಗಾಡಿ ಚಾಲೂ ಆಗವಲ್ದರಿ.”

ಸಾವಕಾರರು ಸಿಟ್ಟಾಗಲಿಲ್ಲ. “ಬರಾಕ ಮನಸ್ಸಿಲ್ಲಂದ್ರ ಇಲ್ಲ ಅನ್ರಿ ಮಡಿವಾಳೆಪ್ಪ. ಗಾಡಿ ಚಾಲೂ ಆಗವಲ್ದು ಅಂತ ಹೇಳೋರನ್ನ ಮೂವತ್ತು ವರ್ಷದಿಂದ ನೋಡೇನಿ” ಎಂದು ಫೋನಿಟ್ಟರು. ಮಡಿವಾಳೆಪ್ಪನಿಗೆ ಅಳು ಬಂದಂತಾಯಿತು. ಬಾಳೆಹಣ್ಣು ತಿಂದ.

ಮಧ್ಯಾಹ್ನ ನಾಲ್ಕಕ್ಕೆ ಸುರೇಬಾನದಿಂದ ಫೋನು ಬಂತು. ಕಾರ್ಯ ಚೆನ್ನಾಗಿ ಆಯಿತೆಂದಳು ಸಾವಂತ್ರೆವ್ವ. ಆಮೇಲೆ ದನಿ ತಗ್ಗಿಸಿದಳು. “ಕರ್ಚಿಕಾಯಿ ಡಬ್ಬ್ಯಾಗ ಒಂದು ಕರೀ ಸಾಮಾನ ಬೀಗತಿ ಕೈಗೇ ಸಿಕ್ಕತಪ್ಪ. ಇದೇನು ಅಂತ ಕೇಳಿದ್ಲು. ಕೂಸು ಗಟ್ಟಿ ಇರಲಿ ಅಂತ ನಮ್ಮ ಕಡೆ ಹಿಂಗ ಇಡೋ ಪದ್ಧತಿ ಐತಿ ಅಂದೆ. ಶಟ್ಟೆಪ್ಪ ನೋಡಿ, ಇದ ಮಡಿವಾಳೆಪ್ಪನ ಗಾಡೀದು ಅಂದ.”

ಮೂವತ್ತು ವರ್ಷದಲ್ಲಿ ಶಟ್ಟೆಪ್ಪ ಸರಿ ಹೇಳಿದ್ದು ಇದೊಂದೇ ಸಲ, ಅದೂ ಇವತ್ತೇ.

“ಅದಿರಲಿ ಬಿಡು” ಎಂದಳು ಆಕೆ. “ಈ ಬಾಡಿಗಿ ಬಸ್ಸ ಕೆಟ್ಟ ನಿಂತೈತಿ. ಎಲ್ಲಾರೂ ದಬ್ಬಿದ್ವಿ, ಚಾಲೂ ಆಗವಲ್ದು. ಡ್ರೈವರ್ ಕ್ಲಚ್ ಮ್ಯಾಲಿನ ಕಾಲ ತಗ್ಯವಲ್ಲ, ಅವಗ ಬ್ಯಾರೆ ಬಾಡಿಗಿ ಐತಿ ಅಂತಾನ ಶಟ್ಟೆಪ್ಪ. ಮುಂಜಾನೆ ನಿಂದೂ ಹಂಗ ಇತ್ತಂತ. ನಾವು ಇವತ್ತ ಇಲ್ಲೇ ವಸ್ತಿ ಮಾಡತೇವಿ. ನೀ ಈಗಿನ ಬಸ್ಸಿಗೆ ಬಂದು ಈ ಸಾಮಾನ ಒಯ್ದು, ನಾಳೆ ಮುಂಜಾನೆ ನಿನ್ನ ಗಾಡಿ ತಗೊಂಡ ಬಾ. ಬರತಿ ಅಲ್ಲ?”

“ಹೂಂ ದೊಡ್ಡವ್ವ” ಎಂದ ಮಡಿವಾಳೆಪ್ಪ.

ಅಂಗಿ ಹಾಕಿಕೊಂಡು, ಬಾತ ಎಡಗಾಲು ಎಳೆಯುತ್ತ ಹೊರಟವನನ್ನು ಶೀತಲ ಬಾಗಿಲಲ್ಲಿ ತಡೆದಳು. ಆಗೂದಿಲ್ಲ ಅನ್ನಲು ನಿಮಗೇನಾಗಿತ್ತು ಎಂದು ಕೇಳಿದಳು.

“ಹೆಂಗ ಅನ್ನಲಿ?” ಎಂದ ಮಡಿವಾಳೆಪ್ಪ. “ಗಾಡಿ ಕೆಟ್ಟೈತಿ ಅಂತ ಮುಂಜಾನೆನ ಹೇಳಿಬಿಟ್ಟೇನಲ್ಲ.”