ಎಪ್ಪತ್ತು ದಾಟಿದರೆ ಪಟಪಟ

ಹಲ್ಲುನೋವು ಡಾಕ್ಟರ ಬಾಗಿಲಲ್ಲಿ ಮಾಯವಾಗುತ್ತದೆ ಎನ್ನುತ್ತಾರೆ. ನನ್ನ ಕಾರಿನ ಸದ್ದೂ ಅದೇ ಜಾತಿಯದು. ರಾಯಚೂರಿನ ಓಣಿಗಳಲ್ಲಿ ಅದು ಮಹಾ ಸಂಭಾವಿತ. ಊರು ದಾಟಿ ವೇಗದ ಮುಳ್ಳು ಎಪ್ಪತ್ತು ಮುಟ್ಟಿತೋ, ಹಿಂದಿನಿಂದ ಯಾರೋ ಸಿಟ್ಟಿಗೆದ್ದು ತಗಡು ಬಡಿದ ಹಾಗೆ ಪಟಪಟಪಟ! ಮಾನ್ವಿಯ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವನು ನಾನು. ಶಬ್ದದ ಪಾಠವನ್ನು ಕಣ್ಣುಮುಚ್ಚಿ ಮಾಡಬಲ್ಲೆ. ಕಾರನ್ನು ಮಾತ್ರ ಹಾಗೆ ಓಡಿಸಲಾಗುವುದಿಲ್ಲ.

ನಾನೊಬ್ಬನೇ ಕೇಳಿದ್ದರೆ ರೇಡಿಯೋ ಜೋರು ಮಾಡಿಕೊಂಡು ಇದ್ದುಬಿಡುತ್ತಿದ್ದೆ. ಆದರೆ ಒಂದು ಮದುವೆಗೆ ಹೋಗುವಾಗ ಹಿಂದಿನ ಸೀಟಿನಲ್ಲಿ ದೇವದುರ್ಗದ ನಮ್ಮ ಬೀಗತಿ, ಅಂದರೆ ಮಗಳು ಗೌರಿಯ ಅತ್ತೆ ನೀಲಮ್ಮನವರು ಕೂತಿದ್ದರು. ಸದ್ದು ಶುರುವಾದದ್ದೇ ತಡ, ಮುಂದಿನ ಸೀಟನ್ನು ಎರಡೂ ಕೈಯಲ್ಲಿ ಅವುಚಿಕೊಂಡು, "ಬೀಗರ, ಗಾಲಿ ಕಳಚಾಕತ್ತದೇನ್ರೀ?" ಎಂದು ಚೀರಿದರು. ಇಳಿದವರೇ ತೀರ್ಪು ಕೊಟ್ಟರು: "ಈ ಸದ್ದು ಹೋಗೂತನಕ ನಮ್ಮ ಸೊಸಿ ಈ ಗಾಡಿ ಹತ್ತಂಗಿಲ್ಲ. ಕುಬಸ ಆದ ಮ್ಯಾಲ ನಾವ ನಮ್ಮ ಜೀಪಿನ್ಯಾಗ ತಂದು ಬಿಡ್ತೀವಿ." ಗೌರಿಗೆ ಇದು ಚೊಚ್ಚಲು; ಕುಬಸವೆಂದರೆ ನಮ್ಮ ಕಡೆಯ ಸೀಮಂತ. ಬಸುರಿ ಮಗಳನ್ನು ತವರಿಗೆ ಕರೆತರಲೆಂದೇ ಕೊಂಡ ಕಾರು ಇದು. ಮಗಳು ಬೀಗರ ಜೀಪಿನಲ್ಲಿ ಬಂದಿಳಿದರೆ ಓಣಿಯಲ್ಲಿ ನಾನು ಹೇಗೆ ತಲೆಯೆತ್ತಿ ತಿರುಗಲಿ?

ರಾಯಚೂರಿನ ಮೆಕ್ಯಾನಿಕ್ ಮೌಲಾಸಾಬ ಕಾರಿನ ಕೆಳಗೆ ನುಸುಳಿ ಬಂದು, "ಬೇರಿಂಗ್ ಹೋಗ್ಯಾವ್ರಿ ಸರ," ಎಂದ. ಹೊಸವು ಬಂದವು, ಸದ್ದು ಹೋಗಲಿಲ್ಲ. ಮಾನ್ವಿಯ ಟೈರಿನವನು ನಾಲ್ಕೂ ಗಾಲಿ ಬಿಚ್ಚಿ ತೂಗಿ ಸಮ ಮಾಡಿ ಕೊಟ್ಟ. ಸದ್ದಿಗೆ ತಾಳ ಇನ್ನಷ್ಟು ಕುದುರಿದಂತಾಯಿತು. ಕೊನೆಗೆ ನನ್ನ ವಿದ್ಯೆಯೇ ಗತಿಯೆಂದು ತರಗತಿಯ ಬೋರ್ಡಿನ ಮೇಲೆ ಕಾರಿನ ಚಿತ್ರ ಬರೆದು, ಇದು ಗಾಳಿಯದೇ ಕೆಲಸ ಎಂದು ಸಾಧಿಸಿದೆ. ಸಂಜೆ ಸಂದುಗೊಂದಿಗೆಲ್ಲ ಟೇಪು ಅಂಟಿಸಿ ಹೊರಟೆ. ಡಿಕ್ಕಿ ತೆರೆಯದಂತಾಯಿತೇ ಹೊರತು ಪಟಪಟ ನಿಲ್ಲಲಿಲ್ಲ.

ಕುಬಸದ ದಿನ ಹತ್ತಿರ ಬಂತು. ಹೆಂಡತಿ ಶಾಂತಾಳನ್ನು ಹಿಂದೆ ಕೂರಿಸಿಕೊಂಡು ಸಿರವಾರದ ದಾರಿ ಹಿಡಿದೆ. ಸದ್ದು ಬಂದ ಕೂಡಲೇ ಆಕೆ, "ಡಿಕ್ಕಿ ಕೆಳಗ ಅದ ನೋಡ್ರಿ," ಎಂದಳು. ಗಾಡಿ ನಿಲ್ಲಿಸುವಷ್ಟರಲ್ಲಿ ಲಗುಬಗೆಯಿಂದ ಇಳಿದು, "ನೀವು ಬಗ್ಗಬ್ಯಾಡ್ರಿ, ನಾ ನೋಡ್ತೀನಿ," ಎಂದು ಅಡ್ಡ ನಿಂತಳು. ಮದುವೆಯಾದಾಗಿನಿಂದ ಕಾಣದ ಈ ಉಪಚಾರ ನೋಡಿ ನನಗೆ ಗುಮಾನಿ ಬಂತು. ಹೊಟ್ಟೆಯನ್ನು ಒಂದು ಕಡೆ ಸರಿಸಿ, ಕಾರು ಕೊಂಡ ಮೇಲೆ ಮೊದಲ ಬಾರಿಗೆ ಅದರ ಹಿಂಭಾಗದ ಕೆಳಗೆ ಬಗ್ಗಿ ನೋಡಿದೆ. ಕರಿ ದಾರದಲ್ಲಿ ಒಂದು ಚಪ್ಪಲಿ ನೇತಾಡುತ್ತಿತ್ತು. ನನ್ನದೇ ಚಪ್ಪಲಿ! ಓಣಿಯ ನಾಯಿ ಕಚ್ಚಿಕೊಂಡು ಹೋಯಿತೆಂದು ನಾನು ವಾರಗಟ್ಟಲೆ ಬೈದದ್ದು ಇದಕ್ಕಾಗಿಯೇ. ದಾರ ಸಡಿಲಾಗಿ, ವೇಗದ ಗಾಳಿಗೆ ಅದು ಎದ್ದೆದ್ದು ಬಂಪರಿಗೆ ಬಡಿಯುತ್ತಿತ್ತು.

"ನೀವು ದೃಷ್ಟಿ ಗಿಷ್ಟಿ ಎಲ್ಲಾ ಸುಳ್ಳು ಅಂತ ಭಾಷಣ ಮಾಡ್ತೀರಿ. ಹೊಸಾ ಗಾಡಿ, ಮಂದಿ ಕಣ್ಣು ಸುಮ್ಮನಿರ್ತಾವೇನು?" ಎಂದಳು ಶಾಂತಾ.

ದಂಗಾಗಿ ಅಲ್ಲಿಂದಲೇ ಮೌಲಾಸಾಬನಿಗೆ ಫೋನು ಹಚ್ಚಿದೆ. "ಕೆಳಗ ಚಪ್ಲಿ ಇತ್ತಲ್ಲೋ, ಕಾಣಸಲಿಲ್ಲೇನು?"

"ಕಾಣಸ್ತುರೀ ಸರ. ತಲಿಗೆ ಎರಡು ಸಲ ಬಡೀತು. ಆದ್ರ ಅದು ದೃಷ್ಟೀದ್ರಿ, ಗಾಡೀದಲ್ಲ!"

ಮಾನ್ವಿಯ ಟೈರಿನವನೂ ಇದನ್ನೇ ಹೇಳಿದ. ಕಣ್ಣೆದುರು ನೇತಾಡುವುದನ್ನು ಎಲ್ಲರೂ ಕಂಡಿದ್ದರು, ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ.

ಚಪ್ಪಲಿ ಬಿಚ್ಚಿದೆ. ಎಂಬತ್ತರಲ್ಲೂ ಕಾರು ಬೆಣ್ಣೆಯಂತೆ ಹೋಯಿತು. ಕುಬಸದ ದಿನ ದೇವದುರ್ಗದಲ್ಲಿ ನೀಲಮ್ಮನವರನ್ನು ಕೂರಿಸಿಕೊಂಡು ಗಬ್ಬೂರಿನ ದಾರಿಯಲ್ಲಿ ಒಂದು ಸುತ್ತು ಹೊಡೆಸಿದೆ. ಅವರು ಕಿವಿಯ ಮೇಲಿನ ಸೆರಗು ಸರಿಸಿ ಕೇಳಿ, "ಈಗ ಪಾಡಾತ್ರಿ," ಎಂದರು. ನಾನು ಗೆದ್ದೆ! ಉಡಿ ತುಂಬಿಸಿಕೊಂಡ ಗೌರಿ ಹತ್ತಿ ಕೂತಳು. ಬುತ್ತಿಯ ಗಂಟು ಡಿಕ್ಕಿಗೇರಿತು. ಅಷ್ಟರಲ್ಲಿ ನೀಲಮ್ಮನವರು ಕಾರಿನ ಹಿಂದೆ ಸಲೀಸಾಗಿ ಬಗ್ಗಿ ನೋಡಿ ಎದೆಯ ಮೇಲೆ ಕೈಯಿಟ್ಟರು. "ಯಪ್ಪಾ! ಬೀಗರ, ದೃಷ್ಟಿಗೆ ಏನೂ ಕಟ್ಟೇ ಇಲ್ಲಲ್ರಿ! ಬಸುರಿನ್ನ ಇದರಾಗ ಹೆಂಗ ಕಳಸಲಿ?"

ನನ್ನ ಬಾಯೊಳಗೆ ಭಾಷಣ ಸಿದ್ಧವಿತ್ತು. ಆದರೆ ಅಂಗಳದ ಮೂಲೆಯಲ್ಲಿ ಅವರ ಜೀಪೂ ಸಿದ್ಧವಿತ್ತು. ನೀಲಮ್ಮನವರು ಹಿತ್ತಲಿನಿಂದ ತಮ್ಮದೇ ಹಳೆಯ ಚಪ್ಪಲಿ ತಂದು, ಏನೋ ಗುನುಗುತ್ತ ಕರಿ ದಾರದಲ್ಲಿ ಕಟ್ಟಿದರು.

ಗಬ್ಬೂರು ದಾಟಿದ್ದೇ ಪಟಪಟಪಟ! ಗಾಡಿ ಬದಿಗೆ ಹಾಕಿ, ಜೇಬಿನ ಬ್ಲೇಡು ತೆಗೆದು, ಮೊಣಕಾಲೂರಿ ಬಗ್ಗಿದೆ. ದಾರಕ್ಕೆ ಬ್ಲೇಡು ತಾಗಿಸಿದೆ. ಕಿಟಕಿಯಿಂದ ಗೌರಿ, "ಅಪ್ಪಾ, ಏನಾಗ್ಯದ?" ಎಂದಳು. ನೋಡಿದರೆ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕೂತಿದ್ದಾಳೆ. ಬ್ಲೇಡು ಜೇಬಿಗೆ ಹಾಕಿಕೊಂಡೆ. ದಾರವನ್ನು ಗಿಡ್ಡ ಮಾಡಿ, ಇನ್ನೆರಡು ಗಂಟು ನಾನೇ ಬಿಗಿದೆ.

"ಏನಿಲ್ಲವ್ವಾ," ಎಂದೆ, ಮೊಣಕಾಲಿನ ಧೂಳು ಕೊಡವಿಕೊಳ್ಳುತ್ತ. "ಬೇರಿಂಗ್ ಸಡ್ಲ ಆಗಿತ್ತು."

ಪಕ್ಕದ ಸೀಟಿನಲ್ಲಿದ್ದ ಶಾಂತಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.